ಬರೆದಷ್ಟೂ ಬರೆಯುವ ಪೆನ್ನು

ಜನವರಿ ೯

ಅಪ್ಪನಿಗೆ,

ನೀನೂ ಅತ್ತೆಯೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಇಲ್ಲದಿದ್ದರೆ ಅವಳು ಇಷ್ಟು ಹೊತ್ತಿಗೆ ಕಾಗದ ಬರೆದು ನಿನ್ನನ್ನೂ ನನ್ನನ್ನೂ ಬೈದಿರುತ್ತಿದ್ದಳು. ನಾನು ಚೆನ್ನಾಗಿಲ್ಲ. ಕಾರಣ ಒಂದು ಪೆನ್ನು.

ಅದೇ ನೀಲಿ ಬಾಲ್ ಪೆನ್ನು. ಎಲ್ಲರ ಜೇಬಿನಲ್ಲೂ ಇರುವಂಥದ್ದು, ಅಂಚೆ ಕಚೇರಿಯ ಕಟ್ಟೆಗೆ ದಾರ ಕಟ್ಟಿ ಇಟ್ಟಿರುವಂಥದ್ದು. ಅದರ ಜಾಹೀರಾತು ನಮ್ಮ ಆಫೀಸಿಗೆ ಬಂದಿದೆ, ನನ್ನ ಮೇಜಿಗೆ ಬಂದಿದೆ, ನನ್ನ ತಲೆಯ ಮೇಲೆ ಕೂತಿದೆ. ಹದಿನಾಲ್ಕು ಚಿತ್ರ ಬರೆದುಕೊಟ್ಟೆ. ಕಾರ್ಖಾನೆಯ ಯಜಮಾನರು ಹದಿನಾಲ್ಕನ್ನೂ ಪಕ್ಕಕ್ಕೆ ಸರಿಸಿ, "ಒಂದು ಕುದುರೆ ಹಾಕಿ ಆರ್ಟಿಸ್ಟಮ್ಮ" ಅಂದರು.

"ಪೆನ್ನಿಗೂ ಕುದುರೆಗೂ ಏನು ಸಂಬಂಧ ಸರ್?"

"ಓಡುತ್ತೆ ಅಲ್ವಾ. ನಿಲ್ಲಲ್ಲ."

"ಕುದುರೆನೂ ನಿಲ್ಲುತ್ತೆ ಸರ್."

"ನಮ್ಮ ಕುದುರೆ ನಿಲ್ಲಲ್ಲ."

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಚಿತ್ರವೇ ಬೇಡ. ಬಿಳಿ ಹಾಳೆ, ಅದರ ಮೇಲೆ ಅವರದೇ ಪೆನ್ನಿನಲ್ಲಿ ಬರೆದ ಒಂದೇ ಸಾಲು, ಕಣ್ಣು ಅಲ್ಲೇ ನಿಲ್ಲುವಷ್ಟು ಚೆಂದದ ಕೈಬರಹದಲ್ಲಿ: 'ಬರೆದಷ್ಟೂ ಬರೆಯುತ್ತದೆ.' ಯಜಮಾನರು ಕುದುರೆಗಾಗಿ ಸ್ವಲ್ಪ ಹೊತ್ತು ಮರುಗಿ ಒಪ್ಪಿದರು. "ಅಂಥ ಕೈ ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಮೂರು ಶಾಲೆಗಳ ಮಕ್ಕಳ ಹೆಸರನ್ನು ಇಪ್ಪತ್ತೆಂಟು ವರ್ಷದಿಂದ ಸರ್ಟಿಫಿಕೇಟಿನ ಮೇಲೆ ಬರೆಯುತ್ತಿರುವ ಕೈ ನಮ್ಮ ಮನೆಯಲ್ಲೇ ಇದೆ ಎಂದೆ.

ಇದರ ಜೊತೆ ಒಂದು ಡಜನ್ ಪೆನ್ನು ಕಳಿಸಿದ್ದೇನೆ. ಆ ಸಾಲನ್ನು ಹತ್ತು ಸಲ ಬರೆದು ಇಪ್ಪತ್ತೈದರೊಳಗೆ ಕಳಿಸು. ಇಷ್ಟೇ ಕೆಲಸ.

ನಿನ್ನ ಮಗಳು


ಜನವರಿ ೧೭

ಗೀಚಕ್ಕನಿಗೆ,

ಪೆನ್ನು ತಲುಪಿತು. ಈ ಪತ್ರವನ್ನು ಕೆಳಗಿನ ಟೈಪಿಂಗ್ ಅಂಗಡಿಯಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದೇನೆ. ಸರ್ಟಿಫಿಕೇಟಿನ ಕಾಲ ಹತ್ತಿರ ಬಂತು, ಕೈಗೆ ಬಿಡುವಿಲ್ಲ. ಈ ಯಂತ್ರದಲ್ಲಿ ಒತ್ತಕ್ಷರ ಅರ್ಧ ಇಂಚು ಕೆಳಗೆ ಬೀಳುತ್ತದೆ. ತಪ್ಪು ನನ್ನದಲ್ಲ.

ನಿನ್ನ ಸಾಲು ನನಗೆ ಹಿಡಿಸಲಿಲ್ಲ. 'ಬರೆದಷ್ಟೂ ಬರೆಯುತ್ತದೆ' ಅಂದರೇನು? ತಿಂದಷ್ಟೂ ತಿನ್ನುತ್ತಾನೆ ಅಂದ ಹಾಗಾಯಿತು. ಅದು ಹೊಗಳಿಕೆಯೋ ದೂರೋ ತಿಳಿಯುವುದಿಲ್ಲ. ಬರೆಯುವುದು ಪೆನ್ನಲ್ಲ, ಮನುಷ್ಯ. 'ಬರೆದಷ್ಟೂ ಶಾಯಿ ಕೊಡುತ್ತದೆ' ಅಂದರೆ ಅರ್ಥವಾದರೂ ಇದೆ.

ಇನ್ನೊಂದು ಮಾತು. ನಾನು ಕೈಯಿಟ್ಟು ಬರೆದ ಮೇಲೆ ಅದು ನನ್ನ ಮಾತಾಗುತ್ತದೆ. ಪೆನ್ನು ಹೇಗಿದೆ ಎಂದು ನೋಡದೆ ಬರೆಯಲಾರೆ. ಮೊದಲು ನೋಡುತ್ತೇನೆ.

ಅಪ್ಪ


ಜನವರಿ ೨೨

ಅಪ್ಪಾ,

ನಾನು ನಿನ್ನನ್ನು ಕೇಳಿದ್ದು ಒಂದು ಸಾಲು. ನೀನು ಕಳಿಸಿದ್ದು ವ್ಯಾಕರಣ, ಅದೂ ಟೈಪ್ ಮಾಡಿಸಿ. ಊರಿಗೆಲ್ಲ ಕೈಬರಹ ಬರೆದುಕೊಡುವವನು ಮಗಳಿಗೆ ಟೈಪ್ ಮಾಡಿದ ಕಾಗದ ಕಳಿಸುತ್ತಾನೆ ಅಂದರೆ ನಗಬೇಕೋ ಅಳಬೇಕೋ.

'ಶಾಯಿ ಕೊಡುತ್ತದೆ' ಎಂದು ಬರೆದರೆ ಹಸು ಹಾಲು ಕೊಡುತ್ತದೆ ಎಂಬ ಪಾಠ ನೆನಪಾಗುತ್ತದೆ. ಆ ಸಾಲು ಯಜಮಾನರಿಗೆ ಒಪ್ಪಿಗೆಯಾಗಿದೆ, ನಮ್ಮ ಆಫೀಸಿಗೆ ಒಪ್ಪಿಗೆಯಾಗಿದೆ. ಅರ್ಥ ಹುಡುಕಬೇಡ, ಅಕ್ಷರ ಬರೆ. ಇಲ್ಲದಿದ್ದರೆ ಮುಂದಿನ ವಾರ ನಾನು ಕುದುರೆ ಬರೆಯುತ್ತಾ ಕೂತಿರುತ್ತೇನೆ. ಕುದುರೆಯ ಹಿಂಗಾಲು ನನಗೆ ಎಂದೂ ಸರಿಯಾಗಿ ಬಂದಿಲ್ಲ, ನಿನಗೇ ಗೊತ್ತು.

ಮಗಳು


ಫೆಬ್ರವರಿ ೨

ಗೀಚಕ್ಕನಿಗೆ,

ಪೆನ್ನು ನೋಡಿದೆ. ಚೆನ್ನಾಗಿಲ್ಲ.

ಹನ್ನೆರಡರಲ್ಲಿ ಒಂಬತ್ತು ನಡುವೆ ನಿಲ್ಲುತ್ತವೆ. ನೇರ ಗೆರೆಯಲ್ಲಿ ಹೇಗೋ ಎಳೆಯುತ್ತವೆ, ತಿರುವು ಬಂದ ಕಡೆ ಕೈಕೊಡುತ್ತವೆ. 'ಬ'ದ ಹೊಟ್ಟೆಯಲ್ಲಿ ಗೆರೆ ಹರಿಯುತ್ತದೆ, 'ಷ್ಟೂ' ಬರೆಯುವಾಗ ಒತ್ತಿನ ಕೆಳಗೆ ಅರ್ಧ ಮಾಯ. ನಲವತ್ತು ವರ್ಷದಿಂದ ಪೆನ್ನು ಹಿಡಿದವನಿಗೆ ಇದು ತಿಳಿಯುವುದಿಲ್ಲವೇ? ಇಂಥ ಪೆನ್ನಿಗೆ 'ಬರೆದಷ್ಟೂ ಬರೆಯುತ್ತದೆ' ಎಂದು ಸಾಕ್ಷಿ ಹಾಕಲು ನನ್ನಿಂದ ಆಗದು.

ಕಾರ್ಖಾನೆಯವರಿಗೆ ತಿಳಿಸು. ಬೇರೆ ಯಾರಿಂದಲಾದರೂ ಬರೆಸಿಕೋ.

ಅಪ್ಪ


ಫೆಬ್ರವರಿ ೧೩

ಅಪ್ಪನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಸಿಟ್ಟು ಬಂತು. ಮೂರನೆಯ ಸಲಕ್ಕೆ, ಇವನು ಹೇಳಿದರೆ ಸುಮ್ಮನೆ ಹೇಳುವವನಲ್ಲ ಅನ್ನಿಸಿತು. ಹಾಗಾಗಿ ಸೋಮವಾರ, ಯಜಮಾನರು, ನಮ್ಮ ಸಾಹೇಬರು, ಮಾರಾಟದವರು ಎಲ್ಲ ಕೂತಿದ್ದ ಸಭೆಯಲ್ಲಿ ಎದ್ದುನಿಂತು ಹೇಳಿಬಿಟ್ಟೆ: "ಪೆನ್ನು ನಡುವೆ ನಿಲ್ಲುತ್ತೆ ಸರ್. ನಮ್ಮಪ್ಪ ನಿಲ್ಲುತ್ತೆ ಅಂದ್ರೆ ನಿಲ್ಲುತ್ತೆ."

ಸಾಹೇಬರು ನನ್ನ ಕಾಲು ತುಳಿಯಲು ನೋಡಿದರು, ಮೇಜು ದೊಡ್ಡದು, ಎಟುಕಲಿಲ್ಲ. ಯಜಮಾನರು ಕೂಗಾಡಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ತಿರುಗಿಸಿ ನೋಡಿ, "ಹಾಗಾದ್ರೆ ಜಾಹೀರಾತು ನಿಲ್ಲಿಸಿ" ಅಂದರು. ಆ ಕ್ಷಣಕ್ಕೆ ನನಗೆ ಹೆಮ್ಮೆಯೇ ಆಯಿತು. ಸುಳ್ಳು ಹೇಳಲಾರೆ.

ಆಮೇಲಿನದು ಅಷ್ಟು ಚೆನ್ನಾಗಿಲ್ಲ. ಕಾರ್ಖಾನೆಯಲ್ಲಿ ಎರಡು ದಿನ ಕೆಲಸ ನಿಲ್ಲಿಸಿದ್ದಾರೆ. ಪ್ರತಿ ಕಂತಿನ ಪೆನ್ನನ್ನೂ ಪರೀಕ್ಷೆ ಮಾಡಿ ಸಹಿ ಹಾಕುವ ಹೆಂಗಸೊಬ್ಬಳಿದ್ದಾಳೆ, ಹನ್ನೊಂದು ವರ್ಷದಿಂದ ಅದೇ ಕೆಲಸ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದ್ದಾರಂತೆ.

ನೀನು ಬರೆದು ನೋಡಿದ ಹಾಳೆಗಳನ್ನೂ ಆ ಹನ್ನೆರಡು ಪೆನ್ನುಗಳನ್ನೂ ಕೂಡಲೇ ಕಳಿಸು. ಅವರಿಗೆ ಅದು ಬೇಕು.

ಮಗಳು


ಮಾರ್ಚ್ ೧

ಗೀಚಕ್ಕನಿಗೆ,

ಪೆನ್ನು ಎಸೆದಾಯಿತು. ಹಾಳೆಗಳೂ ಇಲ್ಲ. ಒಂದು ಪೆನ್ನಿಗೆ ಇಷ್ಟು ರಾದ್ಧಾಂತ ಏಕೆ? ಈ ವಿಷಯ ಎಳೆಯಬೇಡ. ನನಗೆ ಕೆಲಸವಿದೆ.

ಅಪ್ಪ


ಮಾರ್ಚ್ ೮

ಅಪ್ಪಾ,

ರಾದ್ಧಾಂತ ಏಕೆ ಎಂದು ಕೇಳಿದ್ದೀಯ. ಹೇಳುತ್ತೇನೆ.

ಕಾರ್ಖಾನೆಯಲ್ಲಿ ಒಂದು ಯಂತ್ರವಿದೆ. ಸುತ್ತುವ ಕಾಗದದ ಮೇಲೆ ಪೆನ್ನನ್ನು ಸಿಕ್ಕಿಸಿದರೆ ಅದು ಶಾಯಿ ತೀರುವವರೆಗೆ ಸುರುಳಿ ಬರೆಯುತ್ತಲೇ ಹೋಗುತ್ತದೆ. ನಿನಗೆ ಕಳಿಸಿದ ಅದೇ ಕಂತಿನಿಂದ ಇನ್ನೂರು ಪೆನ್ನು ತೆಗೆದು ಅದಕ್ಕೆ ಸಿಕ್ಕಿಸಿದರು. ಇನ್ನೂರೂ ಕೊನೆಯವರೆಗೆ ಬರೆದವು. ಸುರುಳಿ ಅಂದರೆ ಬರೀ ತಿರುವು ಅಪ್ಪಾ. ಒಂದು ತಿರುವಿನಲ್ಲೂ ಗೆರೆ ಹರಿದಿಲ್ಲ.

ನಿನ್ನೆ ಆ ಹೆಂಗಸು ನಮ್ಮ ಆಫೀಸಿಗೆ ಬಂದಿದ್ದಳು. ಜಗಳಕ್ಕೆ ಬಂದಳು ಅಂದುಕೊಂಡು ನಾನು ಕುರ್ಚಿಯಿಂದ ಏಳಲೇ ಇಲ್ಲ. ಅವಳು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಎದುರಿಗೆ ಕೂತಳು.

"ಒಂದು ಹಾಳೆ ತೋರಿಸಿ ಸಾಕು" ಅಂದಳು. "ಯಂತ್ರ ಹೇಳಿದ್ದು ಅವರಿಗೆ ಸಾಕಾಗಲ್ಲ. ದೂರು ದೂರೇ ಅಂತಾರೆ. ನನ್ನಿಂದ ತಪ್ಪಾಗಿದ್ರೆ ಅದು ಎಲ್ಲಿ ಅಂತ ನಾನು ನೋಡಬೇಕು. ನೋಡದೆ ಹೇಗೆ ಒಪ್ಪಿಕೊಳ್ಳಲಿ?"

ತೋರಿಸಲು ನನ್ನ ಬಳಿ ಏನಿದೆ? ಟೈಪ್ ಮಾಡಿದ ಮೂರು ಕಾಗದ. ಹಾಳೆ ಕಳೆದುಹೋಯಿತು ಅಂದೆ. ಅವಳು ನನ್ನ ಮುಖ ನೋಡಿ, "ಸರಿ" ಅಂದು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಹೇಳು, ಏಕೆ ಹೀಗೆ ಮಾಡಿದೆ? ಚಿತ್ರಕಲೆ ಕಲಿತು ಕೊನೆಗೆ ಸೋಪು ಪೆನ್ನು ಮಾರುವ ಚಿತ್ರ ಬರೆಯುತ್ತಾಳೆ ಎಂದು ನೀನು ಅತ್ತೆಯ ಹತ್ತಿರ ಹೇಳಿದ್ದು ನನಗೆ ಗೊತ್ತು. ಬರೆಯಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎನ್ನಬಹುದಿತ್ತು. ಅದಕ್ಕೆ ಪೆನ್ನಿನ ಮೇಲೆ ಏಕೆ ಹೊರಿಸಿದೆ? ಸಭೆಯಲ್ಲಿ ನಿಂತು ನಿನ್ನ ಹೆಸರಿನ ಮೇಲೆ ಆಣೆ ಇಟ್ಟ ಹಾಗೆ ಮಾತಾಡಿದೆನಲ್ಲ, ನನಗೆ ಬುದ್ಧಿ ಇರಲಿಲ್ಲ.

ಉತ್ತರ ಬರೆಯುವುದಾದರೆ ನಿನ್ನ ಕೈಯಲ್ಲಿ ಬರೆ. ಟೈಪ್ ಮಾಡಿದ್ದು ಬಂದರೆ ಒಡೆಯುವುದಿಲ್ಲ.

ಮಗಳು


ಮಾರ್ಚ್ ೧೫

ಮಗಾ,

ಇದು ನಿನ್ನ ಅತ್ತೆಯ ಕಾಗದ. ನಿನ್ನಪ್ಪ ಇದನ್ನು ಬರೆಯಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು ನಾನು. ರೋಗಿಗಳಿಗೆ ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡಿದ್ದರೆ ಅರ್ಧ ಜನ ಬದುಕುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಕೈ ನಡುಗುತ್ತದೆ. ಬಲಗೈ. ಈಚಿನದಲ್ಲ, ಒಂದು ವರ್ಷವಾಯಿತು. ಮೊದಲು ಹೆಬ್ಬೆರಳು ಅಷ್ಟೇ ಆಡುತ್ತಿತ್ತು. ನಾನು ನೋಡಿದೆ, ಅವನು ನಾನು ನೋಡಿದ್ದನ್ನು ನೋಡಿದ, ಇಬ್ಬರೂ ಸುಮ್ಮನಾದೆವು. ಈಗ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಬರೆಯುವಾಗ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆಯುತ್ತಾನೆ. ತಿರುವು ಬಂದಾಗ ಕೈ ಹಾರುತ್ತದೆ, ಪೆನ್ನಿನ ತುದಿ ಕಾಗದ ಬಿಡುತ್ತದೆ, ಗೆರೆ ಹರಿಯುತ್ತದೆ. ನೀನು ಕಳಿಸಿದ ಪೆನ್ನಿನಲ್ಲಿ ಆ ಸಾಲನ್ನು ಹತ್ತು ಸಲವಲ್ಲ, ನಾನೂರು ಸಲ ಬರೆದಿದ್ದಾನೆ. ನಾನೇ ಗುಡಿಸಿ ಎತ್ತಿದ್ದೇನೆ ಆ ಹಾಳೆಗಳನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವನು ಪೆನ್ನು ಡೊಂಕು ಅಂದ.

ದೊಡ್ಡ ಶಾಲೆಯವರು ಹೋದ ತಿಂಗಳು ನಲವತ್ತು ಸರ್ಟಿಫಿಕೇಟು ವಾಪಸ್ಸು ಕಳಿಸಿದರು. ಅದನ್ನೂ ನಿನಗೆ ಹೇಳಿಲ್ಲ ತಾನೆ?

ನಿನ್ನ ಸಿಟ್ಟಿನ ಕಾಗದವನ್ನು ಅವನು ಓದಿ ಮಡಚಿ, ಪುನಃ ಓದಿದ. ಕೆಲಸ ಹೋದ ಹೆಂಗಸಿನ ಮಾತು ಇದ್ದ ಪುಟದಲ್ಲಿ ಬಹಳ ಹೊತ್ತು ಇದ್ದ. ನಾನು ಹೇಳಿದೆ, "ತಮ್ಮಾ, ನಿನ್ನ ಮಾನ ಉಳಿಸಿಕೊಳ್ಳೋಕೆ ಇನ್ನೊಬ್ಬಳ ಅನ್ನ ಕಿತ್ತುಕೊಂಡ್ಯಲ್ಲ." ಮೂರು ದಿನದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೇನೆ. ಅವನಿಗೆ ಅದು ಶಿಕ್ಷೆಯೋ ಆರಾಮವೋ ತಿಳಿಯುತ್ತಿಲ್ಲ.

ನೀನು ಈಗಲೇ ಓಡಿ ಬರಬೇಡ. ನಿನ್ನನ್ನು ಕಂಡರೆ ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತುಬಿಡುತ್ತಾನೆ. ಅವನು ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಮಾಡುತ್ತಾನೋ ನೋಡೋಣ. ಮಾಡದಿದ್ದರೆ ನಾನೇ ಮಾಡುತ್ತೇನೆ. ಅದು ಅವನಿಗೂ ಗೊತ್ತು.

ಅತ್ತೆ


ಮಾರ್ಚ್ ೨೪

ಪೆನ್ನಿನ ಕಾರ್ಖಾನೆಯ ಯಜಮಾನರಿಗೆ,

ನಿಮ್ಮ ಜಾಹೀರಾತಿನ ಚಿತ್ರ ಬರೆಯುವವಳ ತಂದೆ ನಾನು. ನಿಮ್ಮ ಪೆನ್ನು ನಡುವೆ ನಿಲ್ಲುತ್ತದೆ ಎಂದು ದೂರು ಹೇಳಿದವನೂ ನಾನೇ. ಅದು ಸುಳ್ಳು. ನನ್ನ ಮಗಳಿಗೆ ಅದು ಸುಳ್ಳೆಂದು ತಿಳಿದಿರಲಿಲ್ಲ.

ನಿಮ್ಮ ಪೆನ್ನು ನಿಲ್ಲುವುದಿಲ್ಲ. ನಿಲ್ಲುವುದು ನನ್ನ ಕೈ. ಈ ಪತ್ರ ಬರೆಯಲು ನಾಲ್ಕು ದಿನ ಬೇಕಾಯಿತು, ಪೆನ್ನು ಒಂದೇ ಸಾಕಾಯಿತು. ಹನ್ನೆರಡನ್ನೂ ಎಸೆದೆನೆಂದು ಹೇಳಿದ್ದೆ, ಅದೂ ಸುಳ್ಳು. ಎಲ್ಲವೂ ಇಲ್ಲೇ ಇವೆ, ಎಲ್ಲವೂ ಬರೆಯುತ್ತವೆ.

ಅಕ್ಷರ ಬರೆಯುವುದು ನನ್ನ ಕಸುಬು. ಕೈ ಹೋಯಿತೆಂದು ಹೇಳಲು ನಾಚಿಕೆಯಾಗಿ ಪೆನ್ನು ಕೆಟ್ಟದ್ದೆಂದೆ. ಪೆನ್ನಿಗೆ ಯಾರೂ ಇಲ್ಲ, ಅದರ ಮೇಲೆ ಏನು ಹೊರಿಸಿದರೂ ನಡೆಯುತ್ತದೆ ಎಂದುಕೊಂಡಿದ್ದೆ. ಅದನ್ನು ಪರೀಕ್ಷೆ ಮಾಡಿ ಸಹಿ ಹಾಕುವ ಒಬ್ಬ ಹೆಂಗಸಿದ್ದಾಳೆಂದು ಹೊಳೆಯಲಿಲ್ಲ. ತಿಳಿದ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ಅದು ಮೊದಲಿನ ಸುಳ್ಳಿಗಿಂತ ದೊಡ್ಡ ತಪ್ಪು.

ಆಕೆಯನ್ನು ಕೆಲಸಕ್ಕೆ ಕರೆಯಿರಿ. ಈ ಪತ್ರವನ್ನು ಆಕೆಗೆ ತೋರಿಸಿ. ಹಾಳೆ ಬೇಕೆಂದು ಕೇಳಿದ್ದಳಂತೆ. ಇದೇ ಆ ಹಾಳೆ.

ಇಂತಿ,
ಸರ್ಟಿಫಿಕೇಟಿನ ಮೇಲೆ ಹೆಸರು ಬರೆಯುತ್ತಿದ್ದವನು


ಏಪ್ರಿಲ್ ೬

ಅಪ್ಪನಿಗೆ,

ಅತ್ತೆಯ ಕಾಗದ ಬಂದ ದಿನದಿಂದ ಇದು ನಾನು ಶುರು ಮಾಡುತ್ತಿರುವ ಐದನೆಯ ಪತ್ರ. ಮೊದಲ ನಾಲ್ಕರಲ್ಲಿ ಹೇಳಿದ್ದು ಇಲ್ಲಿ ಬೇಡ. ನಡೆದದ್ದನ್ನು ಬರೆಯುತ್ತೇನೆ.

ಯಜಮಾನರು ಗುರುವಾರ ನಿನ್ನ ಪತ್ರ ಹಿಡಿದುಕೊಂಡು ನಮ್ಮ ಆಫೀಸಿಗೇ ಬಂದರು. ನನ್ನ ಮೇಜಿನ ಮೇಲೆ ಇಟ್ಟರು. ಮೊದಲು ಅದು ಯಾರ ಬರಹ ಎಂದು ನನಗೆ ಗುರುತು ಸಿಗಲಿಲ್ಲ. ನಿನ್ನ 'ಳ' ನೋಡಿ ಗೊತ್ತಾಯಿತು. ಸುತ್ತು ಎಲ್ಲೆಲ್ಲೋ ಹೋಗಿತ್ತು, ಆದರೆ ಶುರು ಮಾಡುವ ಜಾಗ ಅದೇ. ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ಕಲಿಸಿದ ಜಾಗ.

ಆ ಹೆಂಗಸು ಕೆಲಸಕ್ಕೆ ವಾಪಸ್ಸು ಬಂದಿದ್ದಾಳೆ. ಯಜಮಾನರು ಎಲ್ಲರ ಎದುರು ತಪ್ಪಾಯಿತೆಂದು ಹೇಳಿದರಂತೆ. ನಾನೂ ಹೋಗಿ ಹೇಳಿದೆ. ಅವಳು ಪತ್ರ ಓದಿ, "ಒಂದು ತಿಂಗಳು" ಅಂದಳು, ಅಷ್ಟೇ.

ಇನ್ನು ತಲೆ ಚಚ್ಚಿಕೊಳ್ಳುವ ಭಾಗ. ಯಜಮಾನರು ಕೂತರು, ನೀರು ಕುಡಿದರು, ಆಮೇಲೆ ಹೇಳಿದರು: "ಆರ್ಟಿಸ್ಟಮ್ಮ, ಇದಕ್ಕಿಂತ ಜಾಹೀರಾತು ಬೇಕಾ? ಇದನ್ನೇ ಹಾಕಿ. ಕೆಳಗೆ ದೊಡ್ಡದಾಗಿ, 'ಕೈ ನಡುಗಿದರೂ ಪೆನ್ನು ನಡುಗದು.' ಕುದುರೆ ಬೇಡ್ವೇ ಬೇಡ."

ಮೂರು ತಿಂಗಳಿಂದ ಆ ಕುದುರೆಯನ್ನು ಓಡಿಸಲು ಒದ್ದಾಡಿದವಳು ನಾನು. ಅದು ಕೊನೆಗೂ ಹೋಯಿತು, ಆದರೆ ಅದರ ಜಾಗದಲ್ಲಿ ನೀನು ಬಂದು ನಿಂತೆ. ಆಗುವುದಿಲ್ಲ ಅಂದೆ. "ಇದು ನಮ್ಮಪ್ಪನ ಕಾಯಿಲೆ ಸರ್, ನಿಮ್ಮ ಸರಕಲ್ಲ" ಅಂದು ಎದ್ದು ಹೊರಗೆ ಬಂದೆ. ಸಾಹೇಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಮ್ಮ ಮನೆಯಲ್ಲೂ ಆಫೀಸಿನಲ್ಲೂ ಈಗ ಇದೇ ರೂಢಿ.

ನೀನು ಚಿಂತೆ ಮಾಡಬೇಡ. ಆ ಪತ್ರ ಎಲ್ಲೂ ಅಚ್ಚಾಗದಂತೆ ನಾನು ನೋಡಿಕೊಳ್ಳುತ್ತೇನೆ.

ಮಗಳು


ಏಪ್ರಿಲ್ ೧೪

ಗೀಚಕ್ಕನಿಗೆ,

ಈ ಪತ್ರ ನನ್ನ ಕೈಯಲ್ಲೇ ಬರೆದಿದ್ದೇನೆ. ಓದಲು ಕಷ್ಟವಾದರೆ ನಿಧಾನ ಓದು, ಬರೆದವನೂ ನಿಧಾನವೇ ಬರೆದ.

ನನ್ನ ಪತ್ರ ಅಚ್ಚಾಗಬಾರದೆಂದು ನಿನಗೆ ಹೇಳಿದವರು ಯಾರು? ಕೈ ನನ್ನದು, ಕಾಯಿಲೆ ನನ್ನದು, ಬರೆದವನು ನಾನು. ನನ್ನನ್ನು ಒಂದು ಮಾತು ಕೇಳಬೇಕಿತ್ತು. ನಿಮ್ಮ ಯಜಮಾನ ನನ್ನನ್ನು ಆ ಕುದುರೆಯ ಹಾಗೆ ನೋಡಿದನೆಂದು ನಿನಗೆ ಸಿಟ್ಟು. ನೀನು ನನ್ನನ್ನು ಗಾಜಿನ ಲೋಟದ ಹಾಗೆ ನೋಡಿದೆ. ಎರಡರಲ್ಲಿ ಯಾವುದು ಮೇಲು?

ಮುಚ್ಚಿಡಲು ಇನ್ನೇನೂ ಉಳಿದಿಲ್ಲ. ಹೋದ ವಾರ ಮೂರು ಶಾಲೆಗೂ ನಾನೇ ಹೋಗಿ ಹೇಳಿ ಬಂದೆ. ಒಂದರಲ್ಲಿ, ಸದ್ಯ, ನಾವೇ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆವು ಅಂದರು. ಇನ್ನೊಂದರಲ್ಲಿ ನೀರು ತಂದುಕೊಟ್ಟರು, ನಾನು ಕುಡಿಯಲಿಲ್ಲ, ಲೋಟ ಗಾಜಿನದಾಗಿತ್ತು. ಚಿಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿ ಮಾತ್ರ, "ಹೆಸರು ಅಚ್ಚು ಹಾಕಿಸ್ತೀವಿ, ತಪ್ಪು ನೋಡೋಕೆ ನೀವು ಬರಬೇಕು" ಅಂದಳು. ಅಚ್ಚಿನವರು ಒತ್ತಕ್ಷರ ಎಲ್ಲಿ ಬೀಳಿಸುತ್ತಾರೋ ದೇವರೇ ಬಲ್ಲ. ಹೋಗುತ್ತೇನೆ.

ನಿಮ್ಮ ಯಜಮಾನನಿಗೆ ಹೇಳು. ಪತ್ರದಿಂದ ಮೂರೇ ಸಾಲು: 'ನಿಮ್ಮ ಪೆನ್ನು ನಿಲ್ಲುವುದಿಲ್ಲ. ನಿಲ್ಲುವುದು ನನ್ನ ಕೈ. ಈ ಪತ್ರ ಬರೆಯಲು ನಾಲ್ಕು ದಿನ ಬೇಕಾಯಿತು, ಪೆನ್ನು ಒಂದೇ ಸಾಕಾಯಿತು.' ಆ ನಡುಗದು ಗಿಡುಗದು ಎಂಬ ಪ್ರಾಸ ಬೇಡ. ಆ ಹೆಂಗಸನ್ನು ಕೇಳಿ, ಅವಳು ಒಪ್ಪಿದರೆ ಮಾತ್ರ.

ಅಪ್ಪ


ಮೇ ೧೦

ಅಪ್ಪನಿಗೆ,

ಜಾಹೀರಾತು ನಾಳೆ ಅಚ್ಚಿಗೆ ಹೋಗುತ್ತದೆ. ಹೋಗುವುದಕ್ಕೆ ಮುಂಚೆ ನನ್ನ ಆಯುಷ್ಯದಲ್ಲಿ ಎರಡು ವರ್ಷ ಕಡಿಮೆ ಮಾಡಿತು.

ಆ ಹೆಂಗಸು ಒಪ್ಪಿದಳು. ಸಾಹೇಬರಿಗೆ ಮಾತು ವಾಪಸ್ಸು ಬಂತು. ನಾನು ನಿನ್ನ ಮೂರು ಸಾಲನ್ನು ಬಿಳಿ ಹಾಳೆಯ ನಡುವೆ ಕೂರಿಸಿ, ಕೆಳಗೆ ಮೂಲೆಯಲ್ಲಿ ಒಂದು ಪೆನ್ನು ಇಟ್ಟು ಕಳಿಸಿದೆ. ಬುಧವಾರ ಅಚ್ಚಿನ ಮನೆಯಿಂದ ಮಾದರಿ ಬಂತು. ನೋಡಿದರೆ ಅಕ್ಷರ ನೆಟ್ಟಗೆ ನಿಂತಿವೆ. ಒಂದೂ ಅಲ್ಲಾಡುತ್ತಿಲ್ಲ. ನಿನ್ನ ಹತ್ತು ವರ್ಷದ ಹಿಂದಿನ ಕೈ.

ಅಚ್ಚಿನ ಮನೆಗೆ ಓಡಿದೆ. ಅಲ್ಲಿ ಚಿತ್ರ ತಿದ್ದುವವರೊಬ್ಬರು, ಕನ್ನಡಕ ಹಣೆಗೆ ಏರಿಸಿಕೊಂಡು, ಸಣ್ಣ ಕುಂಚ ಹಿಡಿದು ಕೂತಿದ್ದರು. "ಎರಡು ದಿನ ಹಿಡೀತು ಮೇಡಂ" ಅಂದರು, ಪಾಪ, ಹೆಮ್ಮೆಯಿಂದಲೇ. "ಪಾಪ ಯಾರೋ ವಯಸ್ಸಾದವರು ಬರೆದಿರಬೇಕು. ಎಲ್ಲ ಸರಿ ಮಾಡಿದ್ದೀನಿ."

ಯಜಮಾನರೂ ಅಲ್ಲೇ ಇದ್ದರು. "ಚೆನ್ನಾಗಿದೆ ಬಿಡಿ. ಜನ ಓದಬೇಕಲ್ಲ."

"ನಡುಗಿದ್ದನ್ನ ನೆಟ್ಟಗೆ ಮಾಡಿದ್ರೆ ಆ ಮಾತಿಗೆ ಅರ್ಥವೇನು ಸರ್? ಕೈ ನಿಲ್ಲುತ್ತೆ ಅಂತ ಬರೆದಿದೆ, ಎಲ್ಲಿ ನಿಂತಿದೆ?"

"ಅರ್ಥ ಆಗುತ್ತೆ ಬಿಡಿ."

ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗೆ ಅರ್ಧ ಗಂಟೆ ನುಡಿಸಿದೆ. ಆಗ ಅವಳು ಬಂದಳು, ಪೆನ್ನಿನ ಪರೀಕ್ಷೆಯವಳು. ಶಾಯಿಯ ಬಣ್ಣ ಸರಿಯಾಗಿ ಬಂದಿದೆಯೇ ನೋಡಲು ಯಜಮಾನರೇ ಕರೆಸಿದ್ದರು. ಚೀಲದಿಂದ ಭೂತಗನ್ನಡಿ ತೆಗೆದು ಮಾದರಿಯ ಮೇಲೆ ಬಗ್ಗಿದಳು. ನಮ್ಮ ಜಗಳ ಅವಳ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ.

"ಇದು ನಮ್ಮ ಪೆನ್ನಲ್ಲ" ಅಂದಳು.

"ಏನ್ರೀ?" ಅಂದರು ಯಜಮಾನರು.

"ನಮ್ಮ ಪೆನ್ನು ತಿರುವಲ್ಲಿ ಒಂಚೂರು ಶಾಯಿ ಬಿಡುತ್ತೆ, ಸಾಸಿವೆಗಿಂತ ಸಣ್ಣ ಚುಕ್ಕಿ. ಪ್ರತಿ ತಿರುವಲ್ಲೂ. ಇಲ್ಲಿ ಒಂದೂ ಇಲ್ಲ. ಇದು ಕುಂಚ. ಕುಂಚದಲ್ಲಿ ಬರೆದು ನಮ್ಮ ಪೆನ್ನು ಅಂತ ಹಾಕಿದ್ರೆ, ನಾನು ಸಹಿ ಹಾಕಲ್ಲ. ಹೋದ ಸಲ ನೀವು ಮನೆಗೆ ಕಳಿಸಿದ್ರಿ. ಈ ಸಲ ನಾನೇ ಹೋಗ್ತೀನಿ."

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕುಂಚ ಹಿಡಿದವರನ್ನು ನೋಡಿದರು. "ನನ್ನ ಕಾರ್ಖಾನೇಲಿ ನನ್ನ ಮಾತು ಬಿಟ್ಟು ಎಲ್ಲರ ಮಾತೂ ನಡೆಯುತ್ತೆ" ಅಂದರು. ಆಮೇಲೆ, "ಮೊದಲಿನದ್ದೇ ಹಾಕಿ."

ಮೆಟ್ಟಿಲಿಳಿಯುವಾಗ ಅವಳಿಗೆ ಥ್ಯಾಂಕ್ಸ್ ಹೇಳಿದೆ. "ನಿಮ್ಮಪ್ಪನ ಮೇಲೆ ನನಗಿನ್ನೂ ಸಿಟ್ಟಿದೆ" ಅಂದಳು. "ಆದ್ರೆ ಗೆರೆ ಅವರದೇ. ಅದನ್ನ ತಿದ್ದೋಕೆ ಯಾರಿಗೂ ಹಕ್ಕಿಲ್ಲ."

ಜೂನ್ ಎರಡನೆಯ ವಾರ ರಜೆ ಹಾಕಿ ಬರುತ್ತೇನೆ. ಈ ಸಲ ಕೇಳುತ್ತಿದ್ದೇನೆ: ಬರಲೇ?

ಮಗಳು


ಜೂನ್ ೩

ಗೀಚಕ್ಕನಿಗೆ,

ನಮ್ಮ ಬಸ್ ನಿಲ್ದಾಣದ ಗೋಡೆಗೂ ಅಂಟಿಸಿದ್ದಾರೆ. ನಿನ್ನ ಅತ್ತೆ ನೋಡಿ ಬಂದು, "ಪೆನ್ನು ಚಿಕ್ಕದಾಯಿತು" ಅಂದಳು. ಅವಳಿಗೆ ಹಿಡಿಸಿದೆ ಎಂದು ಅರ್ಥ. ನಾನು ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಐದನೆಯ ದಿನ ಹೋದೆ.

ಒಬ್ಬಾಕೆ ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಓದುತ್ತಿದ್ದಳು. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಇದೇನು, ಬಸ್ಸಲ್ಲಿ ಕೂತು ಬರೆದ ಹಾಗಿದೆ" ಅಂದಳು.

"ಇಲ್ಲ, ಮೇಜಿನ ಮುಂದೆ ಕೂತೇ ಬರೆದದ್ದು."

"ನಿಮಗೇನು ಗೊತ್ತು?"

"ನಾನೇ ಬರೆದದ್ದು."

ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನೋಡಲಿ ಎಂದು ಬಿಟ್ಟೆ. "ನಮ್ಮತ್ತೆಗೂ ಹೀಗೇ" ಅಂದಳು. "ಯಾರಿಗೂ ಹೇಳಬೇಡ ಅಂತಾರೆ. ಹಸಿವಿಲ್ಲ ಅಂತ ಊಟಕ್ಕೆ ಎಲ್ಲರ ಜೊತೆ ಕೂರೋದೇ ಇಲ್ಲ." ಹಸಿವು ಇರುತ್ತದೆ ಎಂದು ಅವಳಿಗೆ ಹೇಳಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.

ಡಾಕ್ಟರ ಹತ್ತಿರ ಹೋಗಿದ್ದೆವು. ಕಾಯಿಲೆಗೆ ಒಂದು ಉದ್ದನೆಯ ಹೆಸರಿದೆ, ಗುಳಿಗೆಯಿದೆ. ವಾಸಿಯಾಗುವುದಿಲ್ಲವಂತೆ, ನಿಧಾನ ಮಾಡಬಹುದಂತೆ. ನಿನ್ನ ಅತ್ತೆ ಅವರಿಗೇ ನಾಲ್ಕು ಪ್ರಶ್ನೆ ಹಾಕಿ ಬೆವರಿಳಿಸಿದಳು. ಚಿಕ್ಕ ಶಾಲೆಯ ಅಚ್ಚಿನಲ್ಲಿ ಹದಿನೇಳು ತಪ್ಪು ಹಿಡಿದೆ. ಆ ಹೆಂಗಸಿಗೆ ಪ್ರತ್ಯೇಕವಾಗಿ ಒಂದು ಕಾಗದ ಬರೆಯುತ್ತಿದ್ದೇನೆ, ಇನ್ನೂ ಅರ್ಧದಲ್ಲಿದೆ. ಅವಳ ಸಿಟ್ಟು ಅವಳ ಹತ್ತಿರವೇ ಇರಲಿ, ಕಾಗದ ತಲುಪಿದರೆ ಸಾಕು.

ಬಾ. ಕೇಳಿದ್ದಕ್ಕೆ ಹೇಳುತ್ತಿದ್ದೇನೆ, ಬಾ.

ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ನಿನ್ನ ಅತ್ತೆಯನ್ನು ಕರೆಯಬೇಕಾಗಿದೆ. ಆರು ಗುಂಡಿಗೆ ಆರು ಭಾಷಣ. ಬರುವಾಗ ಗುಂಡಿಯಿಲ್ಲದ, ತಲೆಯ ಮೇಲಿಂದ ಹಾಕಿಕೊಳ್ಳುವಂಥ ಅಂಗಿ ಎರಡು ತಂದುಕೊಡು. ಬಣ್ಣ ನಿನಗೆ ಬಿಟ್ಟದ್ದು. ಎದೆಯ ಮೇಲೆ ಏನೂ ಬರೆದಿರಬಾರದು.

ಅಪ್ಪ